ನಿನ್ನ ಎಡಗಾಲಿನ ಮೇಲೆ ಹೊರಿಸಿದ್ದು

ಮಂಜುಳಾ, ಕಾರಿನ ಗೇರ್‌ಬಾಕ್ಸ್ ಸುಟ್ಟಿದ್ದು ನಿನ್ನಿಂದಲ್ಲ, ನನ್ನಿಂದ. ಎಂಟು ವರ್ಷದಿಂದ ಇದು ನನಗೆ ಗೊತ್ತು. ಗೊತ್ತಿದ್ದೂ ವರ್ಕ್‌ಶಾಪಿನ ಕೌಂಟರಿನಲ್ಲಿ ನಿಂತು, ನಿನ್ನ ಗಂಡನ ಎದುರಿಗೆ, ನಿನ್ನ ಎದುರಿಗೇ, ತಪ್ಪು ನಿನ್ನದು ಅಂದೆ. ಆಮೇಲೆ ಅದನ್ನು ತಿದ್ದಲಿಲ್ಲ. ತಿದ್ದಬಹುದಾದ ದಿನಗಳು ಬೇಕಾದಷ್ಟು ಬಂದವು — ಒಂದೊಂದನ್ನೂ ನೋಡುತ್ತಾ ನೋಡುತ್ತಾ ಕಳೆದುಬಿಟ್ಟೆ.

ಇಷ್ಟು ಬರೆಯುವುದಕ್ಕೆ ಮೂರು ದಿನ ಹಿಡಿಯಿತು. ಊರಿನ ಹಾಲು ಡೈರಿಯ ಸೆಕ್ರೆಟರಿಯಾಗಿ ಮೀಟಿಂಗುಗಳ ನಡಾವಳಿಯನ್ನು ವರ್ಷಾನುಗಟ್ಟಲೆ ಬರೆದವನು ನಾನು. ಯಾರು ಏನಂದರು, ಯಾರು ಒಪ್ಪಿದರು ಅಂತ ಒಂದು ಅಕ್ಷರ ತಪ್ಪದ ಹಾಗೆ ಬರೆಯುತ್ತೇನೆ ಅಂತ ಜಂಬ ಬೇರೆ. ನನ್ನದೇ ಮಾತನ್ನು ಬರೆಯುವಾಗ ಪೆನ್ನು ಏಳಲಿಲ್ಲ. ನಿನಗೆ ಗೊತ್ತಿರುವುದನ್ನೂ ಇಲ್ಲಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಇದನ್ನು ನನ್ನ ತಮ್ಮ ನಾಗರಾಜ, ಅಂದರೆ ನಿನ್ನ ಗಂಡ, ಓದಬೇಕು. ನನ್ನ ಮಗಳು ಕಾವ್ಯಾ ಓದಬೇಕು. ಅವ್ವನಿಗೆ ಯಾರಾದರೂ ಓದಿ ಹೇಳಬೇಕು. ಯಾರಿಗೂ ಒಂದು ಎಳೆ ತಪ್ಪಿಹೋಗಬಾರದು.

ಆ ಕಾರು ಬಂದದ್ದೇ ನಿನಗಾಗಿ. ನೀನು ಉರಿಗಾಂನ ಶಾಲೆಯಲ್ಲಿ ಲೆಕ್ಕದ ಟೀಚರ್. ಕಾಮಸಮುದ್ರದ ಪಕ್ಕದ ನಮ್ಮ ಊರಿಂದ ಬಂಗಾರಪೇಟೆಗೆ ಒಂದು ಬಸ್ಸು, ಅಲ್ಲಿಂದ ಕೆ.ಜಿ.ಎಫ್‌ಗೆ ಇನ್ನೊಂದು. ಅದರ ಜೊತೆಗೆ ಅಲ್ಲೇ ನಂದಿದುರ್ಗ ಗಣಿಯ ಕಾರ್ಮಿಕರ ಲೈನಿನ ಮನೆಯಲ್ಲಿ ನಿನ್ನ ಅಪ್ಪ ಒಬ್ಬರೇ. ಗಣಿಯ ಧೂಳು ಎದೆಯಲ್ಲಿ ಕೂತು ಕೆಮ್ಮುತ್ತಿದ್ದ ಮನುಷ್ಯ. ಶನಿವಾರ ಶನಿವಾರ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಕ್ಲಚ್ ತುಳಿಯುವ ಗೋಜಿಲ್ಲದ, ಗೇರು ತಾನಾಗಿ ಬದಲಾಗುವ ಕಾರು ಸಿಗುತ್ತದೆ ಅಂತ ನಾಗರಾಜನೇ ವಿಚಾರಿಸಿಕೊಂಡು ಬಂದ. ಓಡಿಸುವುದನ್ನು ಕಲಿಸಿದವನು ನಾನು. ಕೆರೆ ಆಚೆಯ ಬಯಲಿನಲ್ಲಿ ಮೊದಲ ದಿನ ನಾನು ಹೇಳಿದ್ದು ನಿನಗೆ ನೆನಪಿದೆಯೋ ಇಲ್ಲವೋ — "ಎಡಗಾಲ್ಗೆ ಇದ್ರಲ್ಲಿ ಕೆಲ್ಸ ಇಲ್ಲ ಕಣಮ್ಮ, ಅದನ್ನ ಮರ್ತುಬಿಡು." ನೀನು ಎಡಗಾಲಿನ ಚಪ್ಪಲಿ ಬಿಚ್ಚಿ, ಆ ಕಾಲನ್ನು ಸೀಟಿನ ಕೆಳಕ್ಕೆ ಮಡಚಿ ಇಟ್ಟೆ. ಅವತ್ತಿಂದ ಯಾವತ್ತೂ ಹಾಗೆಯೇ. ನಾನು ಪಕ್ಕದಲ್ಲಿ ಕೂತು ಎಷ್ಟು ಸಲ ನೋಡಿದ್ದೇನೆ. ಆ ಕಾಲು ಅಲ್ಲಿಂದ ಅಲ್ಲಾಡಿದ್ದನ್ನು ನಾನು ನೋಡಲೇ ಇಲ್ಲ.

ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ ಅಂದರೆ — ಗೊತ್ತಿಲ್ಲದೆ ಆಡಿದ ಮಾತಲ್ಲ ಅದು. ಅದನ್ನು ಮೊದಲೇ ಹೇಳಿಬಿಡಬೇಕು.

ಕಾರಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ. ಹಿಂದಿನ ಎರಡು ದಿನ ಒಳ್ಳೆ ಮಳೆ ಬಿದ್ದಿತ್ತು, ಊರಿನ ಟ್ರ್ಯಾಕ್ಟರುಗಳೆಲ್ಲ ಬೆಳಗಾಗುವಷ್ಟರಲ್ಲಿ ಹೊಲಕ್ಕೆ ಹೋಗಿದ್ದವು. ನಮ್ಮ ಡೈರಿಯ ಹಾಲು ತುಂಬಿಕೊಂಡು ಹೊರಟ ಟೆಂಪೋ ಕೆರೆ ಕಟ್ಟೆ ಇಳಿಯುವ ತಿರುವಿನಲ್ಲಿ ಕೆಸರಿಗೆ ಇಳಿದುಬಿಟ್ಟಿತು. ಡ್ರೈವರು ಫೋನ್ ಮಾಡಿದ. "ಸೆಕ್ಟ್ರಿಗಳೇ, ಗಾಡಿ ಊತ್ಕೊಂಡೈತೆ. ಇನ್ನೊಂದ್ ಗಂಟೆ ಇಂಗೇ ನಿಂತ್ರೆ ಆಲೆಲ್ಲ ಒಡ್ದೋಯ್ತದೆ, ಆಮೇಲೆ ನನ್ನ ಕೇಳ್ಬೇಡಿ."

ಹಾಲು ಒಡೆದರೆ ಶೀತಲೀಕರಣ ಕೇಂದ್ರದಿಂದ ಅಷ್ಟೂ ಕ್ಯಾನು ವಾಪಸ್ಸು. ಊರವರೆಲ್ಲ ಸೆಕ್ರೆಟರಿಯ ಮುಖ ನೋಡುತ್ತಾರೆ. ನಾಗರಾಜ ಮಾಲೂರಿನ ಕಾರ್ಖಾನೆಯಲ್ಲಿ ಪಾಳಿಗೆ ಹೋಗಿದ್ದ. ನೀನು ತಲೆ ಸ್ನಾನ ಮಾಡಿ ಹಿತ್ತಲಿನಲ್ಲಿ ಕೂದಲು ಒಣಗಿಸುತ್ತಿದ್ದೆ. "ಕಾಮಸಮುದ್ರಕ್ಕೆ ಓಗಿ ಹಿಂಡಿ ತತ್ತೀನಿ" ಅಂತ ಕೂಗಿ ಹೇಳಿ ಕೀಲಿ ತೆಗೆದುಕೊಂಡೆ. ಕೊಟ್ಟಿಗೆಯಿಂದ ಹಸು ಕಟ್ಟುವ ನೈಲಾನ್ ಹಗ್ಗ ಎರಡು ತೆಗೆದು ಡಿಕ್ಕಿಗೆ ಹಾಕಿಕೊಂಡೆ.

ಹಗ್ಗ ಜೋಡಿ ಮಾಡಿ ಕಟ್ಟಿದೆವು. ಮುಂದೆ ನಮ್ಮ ಕಾರು, ಹಿಂದೆ ಹಾಲು ತುಂಬಿದ ಟೆಂಪೋ, ಕಟ್ಟೆಯ ಏರು. ಡ್ರೈವರಿಗೇ ಅಳುಕು. "ಬ್ಯಾಡ ಸೆಕ್ಟ್ರಿಗಳೇ, ಒಸಾ ಕಾರು" ಅಂದ. ನಾನು "ಸುಮ್ಕಿರಲಾ, ಎಂತೆಂಥಾ ಗಾಡೀನ ಎಳ್ದಿದ್ದೀನಿ" ಅಂದೆ. ಹೌದು, ಎಳೆದಿದ್ದೆ — ಎತ್ತು ಕಟ್ಟಿ, ಟ್ರ್ಯಾಕ್ಟರ್ ಕಟ್ಟಿ. ಎತ್ತನ್ನಾದರೂ ನಾವು ನಾಲ್ಕು ಹೆಜ್ಜೆ ಎಳೆಸಿ ನಿಲ್ಲಿಸುತ್ತೇವೆ, ಉಸಿರು ಬಿಡಲಿ ಅಂತ ಬೆನ್ನು ತಟ್ಟುತ್ತೇವೆ. ಕಾರಿಗೆ ಅಷ್ಟೂ ಮಾಡಲಿಲ್ಲ. ಆಕ್ಸಿಲರೇಟರ್ ತುಳಿದೇ ತುಳಿದೆ. ಕಾರು ಮುಂದಕ್ಕೂ ಹೋಗುತ್ತಿಲ್ಲ, ಹಿಂದಕ್ಕೂ ಬರುತ್ತಿಲ್ಲ, ಸುಮ್ಮನೆ ಗುರುಗುಟ್ಟುತ್ತಿದೆ. ರಬ್ಬರೋ ಬಟ್ಟೆಯೋ ಸುಟ್ಟ ಹಾಗೆ ವಾಸನೆ ಬಂತು. ಎದುರಿಗೆ ಒಂದು ಕೆಂಪು ದೀಪ ಹತ್ತಿಕೊಂಡಿತು. ಆಗಲಾದರೂ ಬಿಟ್ಟೆನೇ? ಇಲ್ಲ. ಮೂರನೇ ಸಲಕ್ಕೆ ಟೆಂಪೋ ಮೇಲಕ್ಕೆ ಬಂತು.

ಕಾರು ಆರಿಸಿ ಒಂದು ಬೀಡಿ ಸೇದುವಷ್ಟು ಹೊತ್ತು ನಿಂತೆವು. ಮತ್ತೆ ಸ್ಟಾರ್ಟ್ ಮಾಡಿದಾಗ ಕೆಂಪು ದೀಪ ಇರಲಿಲ್ಲ. ಎಲ್ಲ ಸರಿಹೋಯಿತು ಅಂದುಕೊಂಡೆ. ಡ್ರೈವರಿಗೆ "ನಮ್ ನಾಗರಾಜನ ಕಿವೀಗೆ ಆಕ್ಬೇಡ" ಅಂತಲೂ ಹೇಳಿದೆ. ಯಾಕೆಂದರೆ ಕಾರು ಬಂದ ಹೊಸದರಲ್ಲಿ ಮನೆಯವರಿಗೆಲ್ಲ ಪಾಠ ಹೇಳಿದವನು ನಾನೇ — ಇದು ಟ್ರ್ಯಾಕ್ಟರಲ್ಲ, ಮೂಟೆ ಹೇರಬೇಡಿ, ಏನನ್ನೂ ಎಳೆಯಬೇಡಿ ಅಂತ. ಕಾಮಸಮುದ್ರಕ್ಕೆ ಹೋಗಿ, ಆಡಿದ ಮಾತಿಗಾದರೂ ಇರಲಿ ಅಂತ ಎರಡು ಮೂಟೆ ಹಿಂಡಿ ತಂದು, ಕಾರಿನ ಕೆಸರು ತೊಳೆದು ನಿಲ್ಲಿಸಿದೆ. ಅವ್ವ "ಏನಪ್ಪ ಇವತ್ತು ಕಾರಿಗೆ ನೀರಾಕ್ತಿದ್ದೀಯ" ಅಂದರೆ ನಕ್ಕು ಇನ್ನೊಂದು ಕೊಡ ನೀರು ತಂದೆ.

ಎರಡು ವಾರ ಕಾರು ಓಡಿತು. ಎರಡನೇ ಶನಿವಾರ ನೀನು ಶಾಲೆ ಮುಗಿಸಿ, ಅಪ್ಪನನ್ನು ನಂದಿದುರ್ಗದಿಂದ ಹತ್ತಿಸಿಕೊಂಡು ಆಸ್ಪತ್ರೆಗೆ ಹೋಗುವಾಗ ಏರಿನಲ್ಲಿ ಕಾರು ನಿಂತುಹೋಯಿತು. ಎಂಜಿನ್ ಕೂಗುತ್ತಿದೆ, ಚಕ್ರ ತಿರುಗುತ್ತಿಲ್ಲ, ಬಾನೆಟ್ಟಿನ ಸಂದಿಯಿಂದ ಹೊಗೆ. ನೀನೇ ಬಂದು ಹೇಳಿದ್ದು ಇದನ್ನೆಲ್ಲ. ಯಾರೋ ದಾರಿಯವರು ತಳ್ಳಿ ಪಕ್ಕಕ್ಕೆ ನಿಲ್ಲಿಸಿದರಂತೆ. ನಿನ್ನ ಅಪ್ಪ ಒಂದು ಮೋರಿಯ ಕಟ್ಟೆಯ ಮೇಲೆ ಕೂತು ಏದುಸಿರು ಬಿಡುತ್ತಾ, "ಏಂ ಕಾದಮ್ಮಾ, ಏಡವಕು" ಅಂದರಂತೆ — ಏನೂ ಆಗಲ್ಲ, ಅಳಬೇಡ ಅಂತ. ಅಂಥಾ ಹೊತ್ತಿನಲ್ಲೂ ನಿನ್ನನ್ನೇ ಸಮಾಧಾನ ಮಾಡಿದರು. ನೀನು ಅದನ್ನು ಹೇಳಿಕೊಂಡು ಅಡುಗೆಮನೆಯ ಬಾಗಿಲಲ್ಲಿ ಅತ್ತೆ. ನಾನು ಪಡಸಾಲೆಯಲ್ಲಿ ಕೂತು ಕೇಳಿಸಿಕೊಂಡೆ. ಸುಟ್ಟ ವಾಸನೆ ಬಂತು ಅಂತ ನೀನು ಅಂದೆ. ನನಗೆ ಅಲ್ಲೇ ಗೊತ್ತಾಯಿತು, ಮಂಜುಳಾ. ವರ್ಕ್‌ಶಾಪಿಗೆ ಹೋಗುವ ಮೊದಲೇ ಗೊತ್ತಾಗಿತ್ತು.

ಮಂಗಳವಾರ ವರ್ಕ್‌ಶಾಪಿಗೆ ಮೂವರೂ ಹೋದೆವು. ಕೋಲಾರದ ರಸ್ತೆಯಲ್ಲಿತ್ತಲ್ಲ, ಅದು. ಕಾರು ವಾರಂಟಿಯಲ್ಲಿದೆ, ಕಂಪನಿಯವರೇ ಗೇರ್‌ಬಾಕ್ಸ್ ಹಾಕಿಕೊಡುತ್ತಾರೆ ಅಂತ ನಾಗರಾಜನಿಗೆ ಪೂರ್ತಿ ನಂಬಿಕೆ. ನೀನು ಶಾಲೆಗೆ ರಜೆ ಹಾಕಿ, ಕಾರಿನ ಕಾಗದಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬಂದಿದ್ದೆ. ಅಲ್ಲಿಯ ಸರ್ವಿಸ್‌ನವನು ಒಳ್ಳೆಯ ಮನುಷ್ಯ, ಅವನದೇನೂ ತಪ್ಪಿಲ್ಲ. ಕಾರಿಗೆ ಕಂಪ್ಯೂಟರ್ ಸಿಕ್ಕಿಸಿ ನೋಡಿ, ಒಂದು ಹಾಳೆ ಪ್ರಿಂಟ್ ತೆಗೆದು ತಂದ. "ಗೇರ್‌ಬಾಕ್ಸಿನೊಳಗಿನ ಕ್ಲಚ್ ಸುಟ್ಟಿದೆ ಸಾರ್. ಒಂದೇ ದಿನದಲ್ಲಿ ಆಗಿರೋದಲ್ಲ. ಇಲ್ಲಿ ನೋಡಿ, ಸುಮಾರು ಆರ್ನೂರು ಕಿಲೋಮೀಟರ್ ಹಿಂದೆ ಒಂದು ಸಲ ವಿಪರೀತ ಬಿಸಿಯಾಗಿದೆ. ಗಾಡಿ ನಿಂತ ಜಾಗದಲ್ಲೇ ಇದೆ, ಎಂಜಿನ್ ಮಾತ್ರ ಫುಲ್ ಓಡಿದೆ" ಅಂದ. ಆಮೇಲೆ ನನ್ನನ್ನೇ ನೋಡಿ ಕೇಳಿದ — "ಏನಾದ್ರೂ ಎಳೆದಿದ್ರಾ ಸಾರ್? ಕೆಸರಲ್ಲಿ ಸಿಕ್ಕಿರೋ ಗಾಡಿ, ಆ ಥರ?"

"ಇಲ್ಲಪ್ಪ" ಅಂದೆ. ಬಾಯಿಗೆ ಬಂದೇಬಿಟ್ಟಿತು. ಎಳೆದಿದ್ದರೆ ವಾರಂಟಿ ಇಲ್ಲ ಅಂತ ಅವನು ಹೇಳಲಿಲ್ಲ, ಆದರೆ ಅವನ ದನಿಯಲ್ಲೇ ಅದಿತ್ತು. ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ಒಂದು ಸುಳ್ಳು, ಕಂಪನಿಗೆ ಹೇಳಿದ್ದು, ಅದನ್ನು ಹೊತ್ತುಕೊಂಡು ಹೇಗೋ ಬದುಕುತ್ತಿದ್ದೆ.

ಅವನು ತಲೆ ಕೆರೆದುಕೊಂಡ. "ಹಂಗಾದ್ರೆ ಹೆಂಗೆ ಸಾರ್? ಕೆಲವರು ಎಡಗಾಲು ಬ್ರೇಕಿನ ಮೇಲೆ, ಬಲಗಾಲು ಆಕ್ಸಿಲರೇಟರ್ ಮೇಲೆ ಇಟ್ಟುಕೊಂಡೇ ಓಡಿಸ್ತಾರೆ. ಹಂಗೇನಾದ್ರೂ..." ಅಂದ. ನಾಗರಾಜ ನನ್ನ ಮುಖ ನೋಡಿದ. ಅವನು ಸುಮ್ಮನೆ ನೋಡಿದ್ದು. ನನಗೆ ಮಾತ್ರ ಅವನಿಗೆ ಎಲ್ಲ ಗೊತ್ತಾಗಿಹೋಗಿದೆ ಅನ್ನಿಸಿತು. ಆಗ ನಾನು ಅಂದೆ —

"ಊಂ, ಇವ್ಳು ಎರಡೂ ಕಾಲಲ್ಲೇ ತುಳೀತಾಳೆ. ನಾನೇ ನೋಡಿದ್ದೀನಿ."

ನೀನು ನೀರಿನ ಕ್ಯಾನಿನ ಹತ್ತಿರ ನಿಂತಿದ್ದೆ. ಲೋಟ ಕೈಯಲ್ಲೇ ಇತ್ತು. ತಿರುಗಿ, "ನಾನಾ ಬಾವ?" ಅಂದೆ. ಅಷ್ಟೇ. ಜಗಳದ ದನಿಯಲ್ಲ, ಸಿಟ್ಟಲ್ಲ. ನಿಜವಾಗಲೂ ಕೇಳುತ್ತಿದ್ದೆ. ನಾನು ಏನಂದೆ ಗೊತ್ತೇ? "ಗೊತ್ತಿಲ್ದೆ ಆಗ್ತದೆ ಬಿಡಮ್ಮ" ಅಂದೆ. ದೊಡ್ಡ ಮನಸ್ಸಿನವನ ಹಾಗೆ. ಥೂ — ಆ ಸುಳ್ಳಿಗಿಂತ ಈ ಮಾತು ನೆನಪಾದಾಗ ನನಗೆ ಹೆಚ್ಚು ಹೇಸಿಗೆಯಾಗುತ್ತದೆ.

ಅವನು ಅದನ್ನು ಕಾರಿನ ಸರ್ವಿಸ್ ಕಾರ್ಡಿನಲ್ಲಿ ಬರೆದುಕೊಂಡ. ಓಡಿಸುವ ಅಭ್ಯಾಸದಿಂದ ಆದ ಹಾನಿ. ವಾರಂಟಿಗೆ ಬರುವುದಿಲ್ಲ. ನೀವು ಅದನ್ನು ಹೇಳದೇ ಇದ್ದಿದ್ದರೆ ಒಂದು ಪ್ರಯತ್ನ ಮಾಡಬಹುದಿತ್ತು ಸಾರ್ ಅಂತ ಆಮೇಲೆ ಪಾಪ ಅವನೇ ನನ್ನ ಕಿವಿಯಲ್ಲಿ ಅಂದ. ವಾರಂಟಿ ಉಳಿಸಲಿಕ್ಕೆ ಅಂತ ಹೇಳಿದ್ದೆ ಅಂದುಕೊಳ್ಳೋಣ ಅಂದರೆ, ಅದೂ ಉಳಿಯಲಿಲ್ಲ. ಉಳಿದದ್ದು ನನ್ನ ಮುಖ ಒಂದೇ. ಆ ಪ್ರಿಂಟ್ ತೆಗೆದ ಹಾಳೆಯನ್ನು ಅವನು ನಮಗೆ ಕೊಟ್ಟ. ನಾನೇ ಕೈ ಚಾಚಿ ಇಸಿದುಕೊಂಡು, ಮಡಚಿ ಶರ್ಟಿನ ಜೇಬಿಗೆ ಹಾಕಿಕೊಂಡೆ.

ಅವತ್ತು ಸಂಜೆ ನಡೆದದ್ದು ನಿನಗೆ ನೆನಪಿರಲೇಬೇಕು. ಎಲ್ಲರೂ ಪಡಸಾಲೆಯಲ್ಲಿದ್ದೆವು. ನೀನು ಕಾಫಿ ತಂದಿಟ್ಟು ಹೋಗದೆ ಅಲ್ಲೇ ನಿಂತೆ.

"ಬಾವ, ಆರ್ನೂರು ಕಿಲೋಮೀಟ್ರು ಅಂದ್ರಲ್ಲ ಅವ್ರು. ನಾನು ಸ್ಕೂಲಿಗೆ ಓಗಿ ಬಂದ್ರೆ ದಿನಕ್ಕೆ ಐವತ್ತು. ಅಂದ್ರೆ ಅನ್ನೆರಡು ದಿನ. ನಡುವೆ ಒಂದು ಬಾನುವಾರ ಬಿಟ್ರೆ, ಅದಕ್ಕೂ ಮೊದ್ಲಿನ ಬಾನುವಾರಕ್ಕೆ ಬತ್ತದೆ. ಬಾನುವಾರ ನಾನು ಕಾರು ಮುಟ್ಟೇ ಇಲ್ಲ."

ನಾನು ಕಾಫಿ ಲೋಟ ಕೆಳಗಿಟ್ಟೆ. ನೀನು ಇನ್ನೂ ಮೆತ್ತಗೆ ಕೇಳಿದೆ — "ಅವತ್ತು ನೀವು ಕಾಮಸಮುದ್ರಕ್ಕೆ ತಕ್ಕೊಂಡೋಗಿದ್ರಿ ಅಲ್ವಾ? ಆ ಆಳೆ ಎಲ್ಲೈತೆ ಬಾವ, ಒಂದು ಸಲ ನೋಡ್ತೀನಿ."

ಹಾಳೆ ನನ್ನ ಜೇಬಿನಲ್ಲಿತ್ತು. ನಿನಗೂ ನನಗೂ ನಡುವೆ ನಾಲ್ಕು ಮೊಳ ದೂರ. ನಾನು ಎದ್ದು ನಿಂತು ಕೂಗಾಡಿದೆ. "ಎರಡು ಮೂಟೆ ಹಿಂಡಿ ತಂದ್ರೆ ಗೇರ್‌ಬಾಕ್ಸ್ ಸುಟ್ಟೋಯ್ತದಾ? ನನ್ನೇ ಕೇಳೋಕ್ ಬಂದ್ಯಾ? ಆಳೆ ವರ್ಕ್‌ಶಾಪ್ನಲ್ಲೇ ಬಿಟ್ಬಂದೆ!" ಅವ್ವ ಕೂತಲ್ಲಿಂದಲೇ ಗದರಿದಳು — "ಲೇ ಮಂಜುಳಾ, ಗಂಡನ ಅಣ್ಣನ್ನ ಇಂಗೆಲ್ಲ ಎದುರು ನಿಂತು ಕೇಳ್ಬಾರ್ದು ಕಣವ್ವ. ಒಳಕ್ಕೋಗು." ನಾಗರಾಜ ತಲೆ ತಗ್ಗಿಸಿ ಕೂತಿದ್ದವನು, "ಇನ್ನ್‌ಮೇಲೆ ನೀನು ಕಾರಿನ ಸಾವಾಸಕ್ಕೆ ಓಗ್ಬೇಡ, ಸಾಕು" ಅಂದ. ನೀನು ಒಳಗೆ ಹೋದೆ.

ನಮ್ಮ ಮನೆಗಳಲ್ಲಿ ಇದೊಂದು ಅನುಕೂಲ ಇದೆ ನೋಡು. ಲೆಕ್ಕ ಸರಿಯಿದ್ದರೂ, ತಮ್ಮನ ಹೆಂಡತಿ ಬಾವನ ಎದುರು ಲೆಕ್ಕ ಹೇಳಬಾರದು. ದೊಡ್ಡವನು ದನಿ ಏರಿಸಿದರೆ ಮುಗಿಯಿತು. ಆ ಅನುಕೂಲವನ್ನು ನಾನು ಅವತ್ತು ಚೆನ್ನಾಗಿ ಬಳಸಿಕೊಂಡೆ. ಬೇರೆ ದಿನಗಳಲ್ಲಿ ಮನೆಯಲ್ಲಿ ನಾನೇ ಹೆಣ್ಣುಮಕ್ಕಳ ಪರ ಮಾತಾಡುವವನು, ಸೊಸೆಗೆ ಕಾರು ಕಲಿಸಿದ ಮನೆ ನಮ್ಮದು ಅಂತ ಡೈರಿಯಲ್ಲಿ ಹೇಳಿಕೊಂಡು ತಿರುಗಿದವನು.

ಮರುದಿನ ಬೆಳಿಗ್ಗೆ ನೀರೊಲೆಗೆ ಸೌದೆ ಹಾಕುವ ನೆಪದಲ್ಲಿ ಆ ಹಾಳೆಯನ್ನು ಉರಿಗೆ ಹಾಕಿದೆ. ಅವತ್ತು ನೀನು ಸ್ನಾನ ಮಾಡಿದ್ದು ಆ ನೀರಿನಲ್ಲೇ. ಮಾಡಿ, ಟಿಫಿನ್ ಡಬ್ಬಿ ಚೀಲಕ್ಕೆ ಹಾಕಿಕೊಂಡು ಬಸ್ ಸ್ಟಾಪಿಗೆ ಹೋದೆ.

ಅವತ್ತಿಂದ ಬಸ್ಸೇ. ಎಂಟು ವರ್ಷ. ಕಾರು ರಿಪೇರಿಯಾಗಿ ಬಂದ ಮೇಲೂ ನೀನು ಕೀಲಿಯನ್ನು ಕೇಳಲಿಲ್ಲ, ಯಾರೂ ನಿನಗೆ ಕೊಡಲಿಲ್ಲ. ನಾನು ಡೈರಿಯಲ್ಲಿ ಬೆಳಗಿನ ಹಾಲು ಮುಗಿಸಿ ಮನೆ ಕಡೆ ಬರುವ ಹೊತ್ತೂ ನೀನು ಬಸ್ಸಿಗೆ ಕಾಯುವ ಹೊತ್ತೂ ಒಂದೇ. ದಿನಾ ಕಣ್ಣಿಗೆ ಬೀಳುತ್ತೀಯ. ದಿನಾ ನಾನು "ಬಸ್ ಬರ್ಲಿಲ್ವಾ?" ಅನ್ನುತ್ತೇನೆ, ದಿನಾ ನೀನು "ಬತ್ತದೆ ಬಾವ" ಅನ್ನುತ್ತೀಯ. ಕಾರಿನಲ್ಲಿ ನಾನು ಹಿಂಡಿ ತರುತ್ತೇನೆ, ಮದುವೆಗೆ ಹೋಗುತ್ತೇನೆ. ಬಂಗಾರಪೇಟೆಯ ರೈಲ್ವೆ ಗೇಟಿನಲ್ಲಿ ಒಂದು ಸಲ ನೀನಿದ್ದ ಬಸ್ಸು ಪಕ್ಕದಲ್ಲೇ ನಿಂತಿತ್ತು. ನೀನು ಕಂಬಿ ಹಿಡಿದು ನಿಂತಿದ್ದೆ, ಕೂರಲು ಜಾಗ ಇರಲಿಲ್ಲ. ನೀನು ನನ್ನನ್ನು ನೋಡಿದೆಯೋ ಇಲ್ಲವೋ. ನಾನು ಗಾಜು ಏರಿಸಿಕೊಂಡು ಫೋನ್ ನೋಡುವವನ ಹಾಗೆ ಕೂತೆ.

ಡೈರಿಯಲ್ಲಿ ಯಾರಾದರೂ "ಟೀಚರಮ್ಮ ಯಾಕೆ ಕಾರು ಬಿಟ್ಟವ್ರೆ?" ಅಂತ ಕೇಳಿದರೆ, "ಎರಡು ಕಾಲಿನ ಡ್ರೈವಿಂಗಪ್ಪ ಅವ್ರದು, ಗೇರ್‌ಬಾಕ್ಸೇ ಓಯ್ತು" ಅಂತ ನಗಿಸುತ್ತಿದ್ದೆ. ಒಂದು ಸಲ ಅಲ್ಲ. ಊರಿನಲ್ಲಿ ಅದು ಮಾತೇ ಆಗಿಹೋಯಿತು. ಯಾರ ಮನೆಯ ಹುಡುಗಿ ಸ್ಕೂಟರ್ ಬೀಳಿಸಿದರೂ ಎರಡು ಕಾಲು ಅನ್ನುತ್ತಾರೆ. ಅದು ಹುಟ್ಟಿದ್ದು ನನ್ನ ಬಾಯಲ್ಲಿ.

ಇಷ್ಟು ವರ್ಷ ಸುಮ್ಮನಿದ್ದು ಈಗ ಯಾಕೆ ಅಂತ ನೀನು ಕೇಳಬಹುದು. ಮನಸ್ಸಾಕ್ಷಿ ಕುಟುಕಿತು ಅಂತ ಬರೆದರೆ ಚೆನ್ನಾಗಿ ಕಾಣುತ್ತದೆ. ಹಾಗಲ್ಲ. ಹೋದ ವಾರ ನಾನು ಕೊಟ್ಟಿಗೆಯಲ್ಲಿ ಹುಲ್ಲು ಹಾಕುತ್ತಿದ್ದೆ. ನೀನು, ಕಾವ್ಯಾ ಹಿತ್ತಲಿನ ಕಲ್ಲಿನ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಿರಿ. ಕಾವ್ಯಾ ಬಂಗಾರಪೇಟೆಯಲ್ಲಿ ಡ್ರೈವಿಂಗ್ ಸ್ಕೂಲಿಗೆ ಸೇರುತ್ತೇನೆ ಅಂತ ಕುಣಿಯುತ್ತಿದ್ದಳಲ್ಲ, "ಚಿಕ್ಕಮ್ಮ, ನೀನೂ ಬಾ, ಇಬ್ರೂ ಸೇರ್ಕೊಳ್ಳೋಣ" ಅಂದಳು. ನೀನು ನಕ್ಕೆ. ಆಮೇಲೆ ಹೇಳಿದೆ —

"ನಂಗೆ ಬ್ಯಾಡ ಕಣೇ. ನಂಗೇ ಗೊತ್ತಾಗ್ದಂಗೆ ಎಡಗಾಲು ಬ್ರೇಕ್ ಮೇಲೆ ಓಗ್ತಿತ್ತಂತೆ. ಮೊದ್ಲು ನಾನು ಇಲ್ಲ ಅಂತಿದ್ದೆ. ಆಮೇಲೆ ಯೋಚ್ನೆ ಮಾಡ್ದೆ, ಬಾವ ಯಾಕೆ ಸುಳ್ಳು ಏಳ್ತಾರೆ? ಅಪ್ಪನ್ನ ಕೂರಿಸ್ಕೊಂಡು ಓಡಿಸ್ತಿದ್ನಲ್ಲ, ಭಯಕ್ಕೆ ಇಟ್ಟಿದ್ರೂ ಇಟ್ಟಿರ್ಬೋದು."

ಹುಲ್ಲಿನ ಹೊರೆ ಕೈಯಲ್ಲೇ ಇತ್ತು, ಕೆಳಗೆ ಹಾಕಲೂ ಆಗಲಿಲ್ಲ. ನೀನು ನನ್ನನ್ನು ಒಳಗೊಳಗೆ ಬೈದುಕೊಳ್ಳುತ್ತಿದ್ದೀಯ ಅಂತ ನಾನು ಇಷ್ಟು ವರ್ಷ ಅಂದುಕೊಂಡಿದ್ದೆ. ಅದೇ ನನಗೆ ಒಂದು ಥರ ಸಮಾಧಾನವಾಗಿತ್ತು — ನಿಜ ಏನು ಅಂತ ಅವಳಿಗೆ ಗೊತ್ತು, ನನಗೂ ಗೊತ್ತು, ಬಾಯಿಬಿಟ್ಟು ಹೇಳಿಲ್ಲ ಅಷ್ಟೇ ಅಂತ. ಆದರೆ ನೀನು ನಿನ್ನ ಲೆಕ್ಕವನ್ನು ಬಿಟ್ಟು ನನ್ನ ಮಾತನ್ನು ನಂಬಿಬಿಟ್ಟಿದ್ದೀಯ. ಬೇರೆಯವರ ಮಕ್ಕಳಿಗೆ ಲೆಕ್ಕ ಕಲಿಸುವವಳು. ನಿನ್ನ ಕಾಲನ್ನೇ ನೀನು ನಂಬದ ಹಾಗೆ ಮಾಡಿದೆನಲ್ಲ, ಅಯ್ಯೋ —

ಆವತ್ತೇ ಹೇಳಬೇಕು ಅಂತ ಹೊರಟೆ. ಕೊಟ್ಟಿಗೆಯಿಂದ ಹಿತ್ತಲಿಗೆ ಹತ್ತು ಹೆಜ್ಜೆ. ನನ್ನನ್ನು ಕಂಡು ನೀನು ಸೆರಗು ಸರಿಮಾಡಿಕೊಂಡು ಎದ್ದು, "ಕಾಫಿ ಕೊಡ್ಲಾ ಬಾವ?" ಅಂದೆ. ಕೊಡಮ್ಮ ಅಂದೆ. ಕುಡಿದು ಡೈರಿಗೆ ಹೋದೆ. ಇಂಥಾ ಗಂಡಸು ನಾನು.

ನಾಗರಾಜನಿಗೆ ಮಾತ್ರ ಮೊನ್ನೆ ಹೇಳಿದೆ. ಹೊಲದ ಬದುವಿನ ಮೇಲೆ ಕೂತು ಪೂರ್ತಿ ಕೇಳಿಸಿಕೊಂಡ. ಮಣ್ಣಿನ ಹೆಂಟೆ ಒಂದನ್ನು ಕೈಯಲ್ಲಿ ಪುಡಿ ಮಾಡಿದ. "ಈಗ್ಯಾಕಣ್ಣ ಇದೆಲ್ಲ? ಅವ್ಳು ಮರ್ತವ್ಳೆ. ಮನೇಲಿ ಸುಮ್ನೆ ರಂಪ ಆಯ್ತದೆ" ಅಂದ. ನನಗೂ ಅದೇ ಬೇಕಾಗಿತ್ತು ಅನ್ನುವುದು ನಿಜ. ದಣಿದುಹೋಗಿದ್ದೇನೆ, ಮಂಜುಳಾ, ಇನ್ನು ರಂಪ ರಾದ್ಧಾಂತಕ್ಕೆ ನನ್ನಲ್ಲಿ ತ್ರಾಣ ಇಲ್ಲ. ಆದರೆ ಅವನು ಎದ್ದು ಹೋಗುವಾಗ, ನನ್ನ ಕಡೆ ನೋಡದೆ, "ಅವತ್ತು ನಾನೂ ಅವ್ಳನ್ನ ಒಂದು ಮಾತು ಕೇಳ್ಲಿಲ್ಲ ಅಲ್ವಾ" ಅಂದ. ಅವನ ಮೇಲೆ ಸಿಟ್ಟಾಗಬೇಡ ಅಂತ ನಾನು ಹೇಳುವ ಹಾಗಿಲ್ಲ. ಅದು ನಿಮ್ಮಿಬ್ಬರ ವಿಷಯ. ಅವನನ್ನು ಆ ಜಾಗಕ್ಕೆ ತಂದು ನಿಲ್ಲಿಸಿದವನು ನಾನು ಅಂತ ಮಾತ್ರ ತಿಳಿದಿರಲಿ.

ನಾಳೆ ಬೆಳಿಗ್ಗೆ ಹಾಲು ಹಾಕಲು ಜನ ಸೇರಿದಾಗ ಡೈರಿಯಲ್ಲಿ ಹೇಳುತ್ತೇನೆ. ಅಲ್ಲಿ ನಗಿಸಿದವನು ಅಲ್ಲೇ ನಿಂತು ಹೇಳಬೇಕು. ಟೆಂಪೋ ಎಳೆದದ್ದು, ಹಾಳೆ ಸುಟ್ಟದ್ದು, ಎಲ್ಲ. ಆಮೇಲೆ ಈ ಕಾಗದವನ್ನು ನಿನ್ನ ಕೈಗೆ ಕೊಡುತ್ತೇನೆ. ಕ್ಷಮಿಸು ಅಂತ ಕೇಳಲು ಬರೆದದ್ದಲ್ಲ ಇದು. ಕೇಳುವ ಮುಖ ನನಗಿಲ್ಲ. ಯಾಕೆ ಅಂತ ಹೇಳಬೇಕಾದರೆ ಇನ್ನೊಂದು ವಿಷಯ ಉಳಿದಿದೆ. ಅದು ಯಾರಿಗೂ ಗೊತ್ತಿಲ್ಲ, ನಾಗರಾಜನಿಗೂ ಹೇಳಿಲ್ಲ.

ಕಾರು ಕೆಟ್ಟ ಮೇಲೆ ಒಂದು ತಿಂಗಳಾಗಿರಬೇಕು. ನೀನು ಶಾಲೆಗೆ ಹೋಗಿದ್ದ ದಿನ, ಹನ್ನೊಂದು ಗಂಟೆ ಹೊತ್ತಿಗೆ, ನಿನ್ನ ಅಪ್ಪ ಡೈರಿಗೆ ಬಂದರು. ನಂದಿದುರ್ಗದಿಂದ ಎರಡು ಬಸ್ಸು ಹತ್ತಿ ಇಳಿದು, ಸ್ಟಾಪಿನಿಂದ ನಡೆದು ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡಿದ್ದರು. ಬಾಗಿಲಲ್ಲಿ ನಿಂತು ಕೆಮ್ಮು ನಿಲ್ಲುವ ತನಕ ಒಳಗೆ ಬರಲಿಲ್ಲ. ಕುರ್ಚಿ ಕೊಟ್ಟೆ. ಕೂರಲಿಲ್ಲ.

"ಮಗು ಗೊತ್ತಿಲ್ದೆ ಮಾಡ್ಬಿಟ್ಟೈತೆ ಸಾರ್" ಅಂದರು. ತೆಲುಗಿನಲ್ಲಿ ಯೋಚಿಸಿ ಕನ್ನಡದಲ್ಲಿ ಒಂದೊಂದೇ ಮಾತು ಜೋಡಿಸುತ್ತಿದ್ದರು. "ನನ್ನ ಆಸ್ಪತ್ರೆಗೆ ಕರ್ಕೊಂಡೋಗಕ್ಕೇ ಅವ್ಳು ಆ ಕಾರು ಓಡಿಸ್ದಿದ್ದು. ತಪ್ಪು ನಂದೂನೂ ಐತೆ. ದೊಡ್ಡೋರು ನೀವು, ಅವ್ಳ ಮೇಲೆ ಮನಸ್ನಲ್ಲಿ ಏನೂ ಇಟ್ಕೋಬೇಡಿ. ನಾನು ಬಂದಿದ್ದು ಅವ್ಳಿಗೆ ಏಳ್ಬೇಡಿ." ಹೇಳಿ, ಎರಡೂ ಕೈ ಜೋಡಿಸಿದರು. ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವರು.

ಆಗ ಡೈರಿಯಲ್ಲಿ ನಾವಿಬ್ಬರೇ ಇದ್ದೆವು. ಹೇಳಲಿಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಒಂದೇ ಒಂದು ಮಾತು ಸಾಕಾಗಿತ್ತು — ಇಲ್ಲ ಯಜಮಾನರೇ, ನಿಮ್ಮ ಮಗಳದು ಏನೂ ತಪ್ಪಿಲ್ಲ, ಕೈ ಇಳಿಸಿ ಅಂತ. ಅವರು ಹಗುರವಾಗಿ ಬಸ್ ಹತ್ತುತ್ತಿದ್ದರು. ಮುಂದಿನ ವರ್ಷ ಅವರು ತೀರಿಕೊಂಡಾಗ, ಗಂಡನ ಮನೆಯ ಕಾರು ಕೆಡಿಸಿದ ಮಗಳ ತಂದೆ ಅನ್ನುವ ಭಾರ ಅವರ ಎದೆಯ ಮೇಲೆ ಇರುತ್ತಿರಲಿಲ್ಲ.

ನಾನು ಅವರ ಭುಜ ತಟ್ಟಿದೆ. "ಪರ್ವಾಗಿಲ್ಲ ಬಿಡಿ, ಆಗಿದ್ದು ಆಯ್ತು" ಅಂದೆ.

ನಾನು ನಿನ್ನ ಅಪ್ಪನನ್ನು ಕ್ಷಮಿಸಿದೆ, ಮಂಜುಳಾ. ಅವರು "ದೊಡ್ಡ ಮನಸ್ಸು ನಿಮ್ದು" ಅಂದು ಹೋದರು.